ರೇಖೆಯ ಬಲತುದಿಯಲ್ಲಿರುವ ಬೇಸಿಗೆ

ದಿನವೂ ಬೆಳಗಿನ ಎಂಟಕ್ಕೆ ಕೇಂದ್ರ ಜಲ ಆಯೋಗದ ನೌಕರರು ನದಿದಂಡೆಯ ಅಳತೆಪಟ್ಟಿ ನೋಡಿ ನೀರಿನ ಮಟ್ಟ ಬರೆದುಕೊಳ್ಳುತ್ತಾರೆ. ತುಂಗಭದ್ರೆಗೆ ಹೊನ್ನಾಳಿಯಲ್ಲಿ, ಹಾವೇರಿ ಜಿಲ್ಲೆಯ ಹರಳಹಳ್ಳಿಯಲ್ಲಿ, ವರದೆಗೆ ಮರೋಳದಲ್ಲಿ ಇಂಥ ಮಾಪನ ಕೇಂದ್ರಗಳಿವೆ. ಅದೇ ಹೊತ್ತಿಗೆ ಗದಗ-ಬೆಟಗೇರಿಯ ಓಣಿಗಳಲ್ಲಿ ‘ಇವತ್ತರ ನೀರ ಬಿಡ್ತಾರೇನ್ರಿ?’ ಎಂಬ ಮಾತು ಮನೆಯಿಂದ ಮನೆಗೆ ದಾಟುತ್ತಿರುತ್ತದೆ. ಅಲ್ಲಿ ಬರೆದ ಅಂಕಿಗೂ ಇಲ್ಲಿ ಕೇಳಿದ ಪ್ರಶ್ನೆಗೂ ನೇರ ಸಂಬಂಧವಿದೆ. ಆ ಸಂಬಂಧವನ್ನು ಒಂದೇ ಗೆರೆಯಲ್ಲಿ ತೋರಿಸುವುದು ‘ಹರಿವಿನ ಅವಧಿ ರೇಖೆ’. ಎಂಜಿನಿಯರುಗಳ ಮಾತಿನಲ್ಲಿ ಫ್ಲೋ ಡ್ಯುರೇಷನ್ ಕರ್ವ್.

ಹೊಳೆಯ ಬಗ್ಗೆ ಮಾತಾಡುವಾಗ ನಾವು ಸರಾಸರಿಯನ್ನು ಬೇಗ ನಂಬುತ್ತೇವೆ. ಲೆಕ್ಕಕ್ಕಾಗಿ ಒಂದು ಹೊಳೆಯನ್ನು ಊಹಿಸಿಕೊಳ್ಳೋಣ. ಮಳೆಗಾಲದ 90 ದಿನ ಅದರಲ್ಲಿ 40,000 ಕ್ಯುಸೆಕ್ ನೀರು, ಉಳಿದ 275 ದಿನ ಬರೀ 200 ಕ್ಯುಸೆಕ್. ವರ್ಷದ ಸರಾಸರಿ ಹತ್ತು ಸಾವಿರ ಕ್ಯುಸೆಕ್ ದಾಟುತ್ತದೆ. ಆದರೆ ವರ್ಷದ ಒಂದು ದಿನವೂ ಆ ಹೊಳೆಯಲ್ಲಿ ಹತ್ತು ಸಾವಿರ ಹರಿದಿಲ್ಲ! ಸರಾಸರಿಯನ್ನು ನಂಬಿ ಹೊಳೆಯಿಂದ ನೀರೆತ್ತುವ ಜಾಕ್‌ವೆಲ್ ಕಟ್ಟಿದ ಊರು ಮಾರ್ಚ್ ಬಂದೊಡನೆ ಬಾಯಾರುತ್ತದೆ.

ಅವಧಿ ರೇಖೆ ಕೂಡಿಸಿ ಭಾಗಿಸುವುದಿಲ್ಲ, ಸಾಲಾಗಿ ನಿಲ್ಲಿಸುತ್ತದೆ. ಮಟ್ಟದಿಂದ ಲೆಕ್ಕಹಾಕಿದ ವರ್ಷದ 365 ದಿನಗಳ ಹರಿವನ್ನು ತಾರೀಖು ಬಿಟ್ಟು, ಅತಿ ದೊಡ್ಡದರಿಂದ ಅತಿ ಚಿಕ್ಕದಕ್ಕೆ ಇಳಿಸಿ ಬರೆಯಬೇಕು. ಮೊದಲನೆಯದಕ್ಕೆ ಒಂದು, ಕೊನೆಯದಕ್ಕೆ 365 ಎಂದು ಕ್ರಮಾಂಕ ಕೊಡಬೇಕು. ಆ ಕ್ರಮಾಂಕವನ್ನು 366ರಿಂದ ಭಾಗಿಸಿ ನೂರರಿಂದ ಗುಣಿಸಿದರೆ, ಅಷ್ಟು ಅಥವಾ ಅದಕ್ಕಿಂತ ಹೆಚ್ಚು ನೀರು ವರ್ಷದ ಶೇಕಡಾ ಎಷ್ಟು ದಿನ ಹರಿಯಿತು ಎಂಬುದು ಸಿಗುತ್ತದೆ. 183ನೆಯ ಅಂಕಿ ಸರಿಯಾಗಿ ಶೇ 50ರಲ್ಲಿ ಕೂರುತ್ತದೆ. 329ನೆಯದು ಹೆಚ್ಚೂಕಡಿಮೆ ಶೇ 90ರಲ್ಲಿ. ಅಡ್ಡಕ್ಕೆ ಶೇಕಡಾವಾರು, ಉದ್ದಕ್ಕೆ ಹರಿವು ಇಟ್ಟು ಚುಕ್ಕೆಗಳನ್ನು ಕೂಡಿಸಿದರೆ ರೇಖೆ ಎಡದಿಂದ ಬಲಕ್ಕೆ ಇಳಿಯುತ್ತಾ ಹೋಗುತ್ತದೆ. ಒಂದು ವರ್ಷದ ಲೆಕ್ಕ ಸಾಲದು. ಒಳ್ಳೆಯ ಮಳೆಯ ವರ್ಷ, ಬರಗಾಲದ ವರ್ಷ ಎರಡೂ ಅದರೊಳಗೆ ಸೇರಿರಬೇಕು. ಉದ್ದದ ಅಕ್ಷದಲ್ಲಿ 10, 100, 1,000, 10,000 ಸಮದೂರದಲ್ಲಿ ಬರುವ ಲಾಗ್ ಕಾಗದ ಬಳಸುವುದು ರೂಢಿ. ಸಾದಾ ಕಾಗದದಲ್ಲಿ ಪ್ರವಾಹವೊಂದೇ ಎದ್ದು ಕಾಣುತ್ತದೆ, ಬೇಸಿಗೆ ನೆಲಕ್ಕೆ ಅಂಟಿ ಮಾಯವಾಗುತ್ತದೆ. ಸಣ್ಣ ಹರಿವನ್ನು ಕಾಣಬೇಕೆಂದರೆ ಅಳತೆಗೋಲನ್ನೇ ಬೇರೆ ಆರಿಸಿಕೊಳ್ಳಬೇಕು ಎಂಬುದನ್ನು ನಾನು ಮತ್ತೆ ಮತ್ತೆ ಯೋಚಿಸುತ್ತೇನೆ.

ನಮ್ಮ ಊರುಗಳ ಬದುಕು ಇರುವುದು ಈ ರೇಖೆಯ ಬಲತುದಿಯಲ್ಲಿ. ತುಂಗಭದ್ರೆ ಗದಗ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ, ಶಿರಹಟ್ಟಿ, ಮುಂಡರಗಿಯ ಕಡೆಯಿಂದ ಹರಿದುಹೋಗುತ್ತದೆ. ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಲ್ಲಿ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ಇದೆ. ಗದಗ-ಬೆಟಗೇರಿಯ ನಲ್ಲಿಗೂ ಲಕ್ಷ್ಮೇಶ್ವರದ ನಲ್ಲಿಗೂ ನೀರು ಬರಬೇಕಾದರೆ ಇದೇ ಹೊಳೆಯಿಂದ ಬರಬೇಕು. ಮೇಲೆ ಮಲೆನಾಡಿನಲ್ಲಿ ಸುರಿದ ಮಳೆ ಎಷ್ಟು ದೊಡ್ಡದೆಂಬುದನ್ನು ರೇಖೆಯ ಎಡತುದಿ ಹೇಳುತ್ತದೆ. ಏಪ್ರಿಲಿನಲ್ಲಿ ಕೊಡ ತುಂಬುತ್ತದೋ ಇಲ್ಲವೋ ಎಂಬುದಕ್ಕೆ ಉತ್ತರ ಶೇ 90, ಶೇ 95ರ ಹತ್ತಿರ ಇದೆ. ರಾಜ್ಯಗಳಿಗೆ ನೀರು ಹಂಚಿದ ಬಚಾವತ್ ನ್ಯಾಯಮಂಡಳಿ ತುಂಗಭದ್ರೆಯೂ ಸೇರಿದ ಕೃಷ್ಣಾ ಕೊಳ್ಳದ ನೀರನ್ನು 2,060 ಟಿಎಂಸಿ ಎಂದು ಹಿಡಿದದ್ದು ಶೇ 75ರ ಭರವಸೆಯ ಮೇಲೆ. ಅದು ವಾರ್ಷಿಕ ಮೊತ್ತಗಳನ್ನು ಹೀಗೆಯೇ ಸಾಲಿನಲ್ಲಿ ಇಟ್ಟು ತೆಗೆದ ಲೆಕ್ಕ. ಬೆಳೆಗೆ ನಾಲ್ಕರಲ್ಲಿ ಮೂರು ವರ್ಷ ನೀರು ಸಿಕ್ಕರೆ ರೈತ ಹೇಗೋ ತಡೆದುಕೊಂಡಾನು. ಕುಡಿಯುವ ನೀರಿಗೆ ಆ ಭರವಸೆ ಸಾಲದು.

ಈ ಬಲತುದಿಯನ್ನು ಈಗ ಪ್ರಕೃತಿಯೊಂದೇ ಬರೆಯುತ್ತಿಲ್ಲ. ಬೇಸಿಗೆಯಲ್ಲಿ ಭದ್ರಾ ಜಲಾಶಯದಿಂದ ಹೊಳೆಗೆ ನೀರು ಬಿಡಿಸಿರೆಂಬ ಬೇಡಿಕೆ ಏಳುತ್ತದೆ, ಬಿಡುವುದೂ ಉಂಟು. ಲಕ್ಕವಳ್ಳಿಯಲ್ಲಿ ಆ ಜಲಾಶಯದ ಗೇಟು ತೆರೆದ ದಿನಗಳು ರೇಖೆಯ ಬಾಲವನ್ನು ಕೊಂಚ ಎತ್ತುತ್ತವೆ. ದಂಡೆಯುದ್ದಕ್ಕೂ ಓಡುವ ಪಂಪ್‌ಸೆಟ್ಟುಗಳು, ಮರಳು ಬಗೆದ ಹೊಳೆಯ ಒಡಲು ಅದನ್ನು ಕೆಳಗೆಳೆಯುತ್ತವೆ. ಮಳೆ ನಿಂತ ಮೇಲೂ ಹೊಳೆ ಹರಿಯುವುದು ನೆಲ ಹೀರಿಟ್ಟ ನೀರು ಮೆಲ್ಲಗೆ ಜಿನುಗಿದಾಗ. ಅಂಥ ನೆಲವಿರುವ ಕಡೆ ರೇಖೆ ನಿಧಾನವಾಗಿ ಇಳಿಯುತ್ತದೆ. ನಮ್ಮ ಜಿಲ್ಲೆಯ ಕಪ್ಪತಗುಡ್ಡದಿಂದ ಇಳಿಯುವ ಹಳ್ಳಗಳ ರೇಖೆ ಬರೆದರೆ ಅದು ಕಡಿದಾಗಿ ಬಿದ್ದು, ವರ್ಷ ಮುಗಿಯುವ ಬಹಳ ಮುಂಚೆಯೇ ಸೊನ್ನೆ ಮುಟ್ಟುತ್ತದೆ. ಆ ಗುಡ್ಡದ ಹಸಿರು ಉಳಿಸುವ ಕೆಲಸ ಈ ಸೊನ್ನೆಯನ್ನು ಒಂದಿಷ್ಟು ಬಲಕ್ಕೆ ಸರಿಸುವ ಕೆಲಸವೂ ಹೌದು.

ರೇಖೆಗೆ ಒಂದು ಕೊರತೆ ಇದೆ. ತಾರೀಖು ಬಿಟ್ಟ ಕಾರಣ, ಮೂವತ್ತು ಒಣ ದಿನಗಳು ಅಲ್ಲಲ್ಲಿ ಬಂದವೋ ಒಂದರ ಬೆನ್ನಿಗೆ ಒಂದು ಬಂದವೋ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಬ್ಯಾರಲ್ ತುಂಬಿಟ್ಟು ಕಾಯುವ ಮನೆಗೆ ಈ ವ್ಯತ್ಯಾಸವೇ ಎಲ್ಲವೂ. ಆದ್ದರಿಂದ ರೇಖೆಯ ಪಕ್ಕದಲ್ಲಿ ಕ್ಯಾಲೆಂಡರೂ ಇರಬೇಕು.

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಶಾಲೆಗಳ ಗುರುಗಳಲ್ಲಿ ನನ್ನದೊಂದು ವಿನಂತಿ. ನಿಮ್ಮೂರ ಹಳ್ಳದ ಸೇತುವೆಯ ಕಂಬಕ್ಕೆ ಬಣ್ಣದಿಂದ ಒಂದು ಅಳತೆಪಟ್ಟಿ ಬರೆಸಿ. ನಮ್ಮ ದೇಶದಲ್ಲಿ ನೀರಿನ ವರ್ಷ ಶುರುವಾಗುವುದು ಜೂನ್ 1ಕ್ಕೆ. ಆ ದಿನದಿಂದ ಮಕ್ಕಳು ಬೆಳಿಗ್ಗೆ ಎಂಟಕ್ಕೆ ಮಟ್ಟ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಲಿ. ನೀರೇ ಇಲ್ಲದ ದಿನ ಸೊನ್ನೆ ಎಂದು ತಪ್ಪದೆ ಬರೆಯಲಿ. ಮುಂದಿನ ಮೇ 31ರ ಹೊತ್ತಿಗೆ, ಹರಿವಿನ ಬದಲು ಆ ಮಟ್ಟಗಳಿಂದಲೇ, ತಮ್ಮ ಹಳ್ಳದ ಮೊದಲ ರೇಖೆಯನ್ನು ಅವರೇ ಬಿಡಿಸಲಿ.