ದಯೆಯೂ ಅಜೀರ್ಣವೂ

ಪರೋಪಕಾರವು ಪುಣ್ಯವೆಂಬುದನ್ನು ಎಲ್ಲರೂ ಒಪ್ಪುವರು. ಆದರೆ ಉಪಕಾರ ಮಾಡುವವನು ತನಗೆ ಸರಿತೋರಿದುದನ್ನು ಕೊಡತಕ್ಕದ್ದೋ, ಪಡೆಯುವ ಜೀವಕ್ಕೆ ಹಿತವಾದುದನ್ನು ಕೊಡತಕ್ಕದ್ದೋ ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ವಿಚಾರಿಸುವುದಿಲ್ಲ. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಶಾಸ್ತ್ರಗಳನ್ನೋದಿ, ಮೂವತ್ತು ವರುಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿದ ನನಗೆ ಈ ಪ್ರಶ್ನೆಯನ್ನು ಕಲಿಸಿಕೊಟ್ಟುದು ಒಂದು ಓತಿಕೇತ. ವಿಷಯವು ಕ್ಷುದ್ರವೆಂದು ವಾಚಕ ಮಹಾಶಯರು ಮುಖ ತಿರುಗಿಸಬಾರದಾಗಿ ಪ್ರಾರ್ಥನೆ.

ಕಳೆದ ಪುಷ್ಯಮಾಸದಲ್ಲಿ, ಹೊಸಪೇಟೆಯ ನಮ್ಮ ಮನೆಯ ಹಿತ್ತಲಿನಲ್ಲಿ, ಹುಡುಗರ ಕಲ್ಲೇಟಿಗೆ ಸಿಕ್ಕಿ ಹಿಂಗಾಲು ನೊಂದ ಓತಿಕೇತವೊಂದನ್ನು ಒಂಬತ್ತು ವರುಷದ ನನ್ನ ಮೊಮ್ಮಗನು ಎತ್ತಿ ತಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟನು. "ತಾತಾ, ಇದನ್ನ ನಾವೇ ಸಾಕೋಣ" ಎಂದು ಬೇಡಿದನು. ಮಗುವಿನ ಮನಸ್ಸಿನಲ್ಲಿ ಮೊಳೆತ ದಯೆಯನ್ನು ಚಿವುಟಬಾರದೆಂದು ನಾನು ಒಪ್ಪಿದೆನು.

ನಮ್ಮದು ಮಾಂಸವನ್ನು ಮುಟ್ಟದ ಮನೆ. ಓತಿಕೇತವು ಹುಳುಹುಪ್ಪಟೆಗಳನ್ನು ತಿಂದು ಬದುಕುವುದೆಂಬುದು ನನಗೆ ತಿಳಿಯದ ಸಂಗತಿಯಲ್ಲ. ಆದರೂ ಮನೆಯೊಳಗೆ ಜೀವಹಿಂಸೆ ಬೇಡವೆಂದು, ಕಂಪಲಿಯ ಅಕ್ಕಿಯ ಮೆತ್ತನೆಯ ಅನ್ನವನ್ನು ಹಾಲಿನಲ್ಲಿ ಕಲಸಿ ಕೊಡಲು ಹೇಳಿದೆನು. ಅದು ಬಾಯಿ ತೆರೆಯಲಿಲ್ಲ. ಹಸಿದು ಸತ್ತೀತೆಂಬ ಭಯದಿಂದ ಮೊಮ್ಮಗನು ಕಡ್ಡಿಯಿಂದ ಬಾಯಿ ಬಿಡಿಸಿದನು. ನಾನೇ ತುತ್ತನ್ನು ತುರುಕಿದೆನು. ಚಳಿ ತಾಗದಿರಲೆಂದು ಪೆಟ್ಟಿಗೆಯನ್ನು ಒಳಕೋಣೆಯಲ್ಲಿಟ್ಟು ಮರಳನ್ನು ಹಾಸಿದೆವು. ನಾಲ್ಕನೆಯ ದಿನಕ್ಕೆ ಅದರ ಹೊಟ್ಟೆಯು ಉಬ್ಬಿತು; ಮಲವು ಕಟ್ಟಿತು; ಮೈಬಣ್ಣವು ಕಪ್ಪಾಗಿ, ಹಗಲಿನಲ್ಲಿಯೂ ಕಣ್ಣು ಮುಚ್ಚಿಕೊಂಡೇ ಇದ್ದಿತು.

ಪಶುವೈದ್ಯರೊಬ್ಬರಲ್ಲಿಗೆ ಒಯ್ದೆವು. ಕಾಲಿನ ಪೆಟ್ಟು ಅಲ್ಪವೆಂದೂ ಹೊಟ್ಟೆಯ ಬೇನೆಯೇ ದೊಡ್ಡದೆಂದೂ ಹೇಳಿದ ಅವರು, "ಬಿಸಿಲು ತೋರಿಸಿದ್ದೀರಾ, ಮೇಷ್ಟ್ರೇ?" ಎಂದು ಕೇಳಿದರು. ನಾನು ನಿರುತ್ತರನಾದೆನು. ನಮ್ಮ ಶರೀರವು ತನ್ನ ಉಷ್ಣವನ್ನು ತಾನೇ ಹುಟ್ಟಿಸಿಕೊಳ್ಳುವುದು. ಓತಿಕೇತ, ಹಲ್ಲಿ, ಉಡ ಮೊದಲಾದುವು ಅದನ್ನು ಸೂರ್ಯನಿಂದಲೂ ಕಾದ ನೆಲದಿಂದಲೂ ಪಡೆಯತಕ್ಕವು. ಮೈ ಕಾಯದಿದ್ದರೆ ಜಠರದೊಳಗಿನ ಆಹಾರವು ಪಚನವಾಗದೆ ಅಲ್ಲಿಯೇ ಕೊಳೆಯುವುದು. ಹಾಲನ್ನು ಅರಗಿಸುವ ಶಕ್ತಿಯು ಅವುಗಳಿಗಿಲ್ಲ. ನಮ್ಮ ಅನ್ನವು ಅವುಗಳ ಅನ್ನವಲ್ಲ. ನುಂಗಿದ ಮರಳೂ ಕರುಳನ್ನು ಕಟ್ಟಬಲ್ಲುದು. ಹಂಪಿಯ ಬಂಡೆಗಳ ಮೇಲೆ ಬೆಳಗಿನ ಬಿಸಿಲಿಗೆ ಮೈಯೊಡ್ಡಿ ಕುಳಿತ ಓತಿಕೇತಗಳನ್ನು ಬಾಲ್ಯದಿಂದ ನೋಡಿದ್ದ ನಾನು ಅದನ್ನು ಸೋಮಾರಿತನವೆಂದು ಭಾವಿಸಿದ್ದೆನು. ಅವು ತಮ್ಮ ಜಠರಾಗ್ನಿಯನ್ನು ಹೊತ್ತಿಸಿಕೊಳ್ಳುತ್ತಿದ್ದುವೆಂಬುದು ಅಂದು ತಿಳಿಯಿತು.

ಚಿಕಿತ್ಸೆಯು ಸರಳವಾಗಿದ್ದಿತು. ಆಹಾರವನ್ನು ನಿಲ್ಲಿಸತಕ್ಕದ್ದು; ಬೆಳಗಿನ ಬಿಸಿಲನ್ನೂ, ಸಾಕೆನಿಸಿದಾಗ ಸರಿದುಕೊಳ್ಳಲು ನೆರಳನ್ನೂ ಒದಗಿಸತಕ್ಕದ್ದು; ಹೊಟ್ಟೆ ಮಾತ್ರ ನೆನೆಯುವಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ದಿನಕ್ಕೊಮ್ಮೆ 10 ನಿಮಿಷ ಇರಿಸತಕ್ಕದ್ದು; ಮರಳನ್ನು ತೆಗೆದು ಕಾಗದವನ್ನು ಹಾಸತಕ್ಕದ್ದು; ಹೊಟ್ಟೆಯನ್ನು ಹಿಸುಕಕೂಡದು. ಆಯುರ್ವೇದವೂ ಅಜೀರ್ಣಕ್ಕೆ ಲಂಘನವನ್ನೇ ವಿಧಿಸುವುದಷ್ಟೆ. ಮೂರನೆಯ ದಿನ ಕಾಗದದ ಮೇಲೆ ಕಪ್ಪು ಮಲವೂ ಅದರ ತುದಿಯಲ್ಲಿ ಬಿಳಿಯ ಮೂತ್ರಾಂಶವೂ ಕಂಡುವು. ಅಂಥ ವಸ್ತುವನ್ನು ಕಂಡು ನಮ್ಮ ಮನೆಯವರೆಲ್ಲರೂ ಸಂತೋಷಪಟ್ಟುದು ಅದೇ ಮೊದಲು.

ಆದರೆ ನಿಜವಾದ ಕಷ್ಟವು ಬಳಿಕ ಬಂದಿತು. ಇನ್ನು ಅದಕ್ಕೆ ಆಹಾರ ಬೇಕು. ಆ ಆಹಾರವು ಅದರ ಎರಡು ಕಣ್ಣುಗಳ ನಡುವಣ ಅಂತರಕ್ಕಿಂತ ದೊಡ್ಡದಲ್ಲದ ಜೀವಂತ ಹುಳುವಾಗಿರಬೇಕು. ಕೂಡಲೇ ಬಿಟ್ಟುಬಿಟ್ಟರೆ ಹಿಂಸೆಯ ಸೋಂಕು ತಪ್ಪೀತಲ್ಲವೇ ಎಂದು ಮನಸ್ಸು ಉಪಾಯವನ್ನು ಹುಡುಕಿತು. ಆದರೆ ಕುಂಟುವ ಓತಿಕೇತವು ಸಂಜೆಯೊಳಗೆ ಕಾಗೆಯ ಪಾಲಾಗುವುದು. ಅದನ್ನು ಬಿಡುಗಡೆಯೆಂದು ಕರೆಯುವುದು ಆತ್ಮವಂಚನೆ.

ಆಗ ಶಿಬಿಯ ಕಥೆಯು ನೆನಪಿಗೆ ಬಂದಿತು. ಪಾರಿವಾಳವನ್ನು ಕಾಯಹೊರಟ ಆ ದೊರೆಯು ಹಸಿದ ಗಿಡುಗಕ್ಕೆ ಪಾಯಸವನ್ನು ನೀಡಲಿಲ್ಲ. ಅದರ ಸ್ವಭಾವವನ್ನು ಹಳಿಯಲೂ ಇಲ್ಲ. ಅದಕ್ಕೆ ಮಾಂಸವೇ ಆಹಾರವೆಂಬುದನ್ನೊಪ್ಪಿ, ಅದರ ಬೆಲೆಯನ್ನು ತನ್ನ ಮೈಯಿಂದಲೇ ತೆತ್ತನು. ನಾನಾದರೋ ನನ್ನ ಶುದ್ಧಿಯ ಬೆಲೆಯನ್ನು ಓತಿಕೇತದ ಹೊಟ್ಟೆಯಿಂದ ತೆರಿಸಿದ್ದೆನು! ಮೊಮ್ಮಗನು ಹಿತ್ತಲಿನಲ್ಲಿ ಎಳೆಯ ಮಿಡತೆಗಳನ್ನು ಹಿಡಿದು ತಂದನು. ನಾನು ಎದ್ದುಹೋಗದೆ ಪಕ್ಕದಲ್ಲಿಯೇ ಕುಳಿತೆನು. ಆ ಮಿಡತೆಗಳ ಸಾವಿನಲ್ಲಿ ನನಗೆ ಪಾಲಿಲ್ಲವೆಂದು ಹೇಳಲಾರೆನು. ಆದರೆ ಒಂದು ಜೀವವನ್ನು ಪೆಟ್ಟಿಗೆಯಲ್ಲಿಟ್ಟ ಮೇಲೆ ಅದರ ಸ್ವಭಾವದ ಭಾರವನ್ನೂ ಹೊರಲೇಬೇಕು, ಹೊರಲಾರದವನು ಇಡಬಾರದು.

ಎರಡು ವಾರಗಳಲ್ಲಿ ಅದು ಗೋಡೆಯನ್ನೇರುವಷ್ಟು ಚೇತರಿಸಿಕೊಂಡಿತು. ಬಿಡುವ ದಿನ ಮೊಮ್ಮಗನು ಅಳತೊಡಗಿದಾಗ ನೃಗಮಹಾರಾಜನ ಕಥೆಯನ್ನು ಹೇಳಿದೆನು. ಒಬ್ಬನಿಗೆ ಕೊಟ್ಟ ಹಸುವು ಮಂದೆಗೆ ಮರಳಿ ಬಂದಿರಲು, ಅದು ತನ್ನದೇ ಎಂದು ತಿಳಿದು ಇನ್ನೊಬ್ಬನಿಗೆ ದಾನಮಾಡಿದ ಆ ಧರ್ಮಾತ್ಮನು ಓತಿಕೇತವಾಗಿ ಹುಟ್ಟಿ ಬಾವಿಯಲ್ಲಿ ಬಿದ್ದಿದ್ದನು. ಅವನಲ್ಲಿ ದಯೆಗಾಗಲಿ ಔದಾರ್ಯಕ್ಕಾಗಲಿ ಕೊರತೆಯಿರಲಿಲ್ಲ. ವಿಚಾರಿಸಿ ನೋಡಲಿಲ್ಲವೆಂಬುದೊಂದೇ ದೋಷ. "ಹಾಗಾದ್ರೆ ಇದು ಯಾರದು, ತಾತಾ?" ಎಂದು ಮಗು ಕೇಳಿತು. "ಇದು ಇದರದೇ, ಮರಿ" ಎಂದೆನು. ಸಿಕ್ಕಿದ ಸ್ಥಳದಲ್ಲಿಯೇ, ಬೇವಿನ ಬುಡದಲ್ಲಿ, ಬಿಟ್ಟೆವು. ಅದು ಹಿಂದಿರುಗಿ ನೋಡಲಿಲ್ಲ. ನೋಡಬೇಕಾದ ಋಣವೂ ಅದಕ್ಕಿರಲಿಲ್ಲ.

ಸಂಡೂರಿನ ಗುಡ್ಡಗಳ ಕಡೆಯವರಾಗಲಿ ಇತರರಾಗಲಿ ಗಾಯಗೊಂಡ ಉಡವನ್ನು ಕಂಡರೆ ಮನೆಗೆ ಒಯ್ಯದೆ ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಶಾಸನದ ಭಯವಿಲ್ಲದ ಕಡೆಯಲ್ಲಿಯೂ ವಿವೇಕವು ಅದೇ ಮಾತನ್ನು ಹೇಳುವುದು.

ಈಗ ಬಿಡುವಿನಲ್ಲಿ ಕುಳಿತು ಯೋಚಿಸುವಾಗ, ತರಗತಿಯಲ್ಲಿ ಬಾಯಿ ತೆರೆಯದ ಎಷ್ಟೋ ಮಕ್ಕಳಿಗೆ ನಾನು ಹೀಗೆಯೇ ತುತ್ತುಗಳನ್ನು ತುರುಕಿದುದು ನೆನಪಾಗುವುದು. ಅವರ ಹಿತವನ್ನೇ ಬಯಸಿದ್ದೆನೆಂಬುದರಲ್ಲಿ ಸಂದೇಹವಿಲ್ಲ. ಅವರಿಗೆ ಏನು ಬೇಕೆಂದು ಕೇಳಲಿಲ್ಲವೆಂಬುದರಲ್ಲಿಯೂ ಸಂದೇಹವಿಲ್ಲ. ದಯೆಯು ಹೃದಯದಲ್ಲಿ ಹುಟ್ಟುವುದು ನಿಜ. ಆದರೆ ಎದುರಿನ ಜೀವದ ಸ್ವಭಾವವನ್ನು ಅರಿಯದಿದ್ದರೆ ಅದು ಪಡೆದವರಿಗೆ ಅರಗುವುದಿಲ್ಲ.