ಯಾರ ಬಿಡುವಿಗೆ ಈ ಕಾರ್ಯಕ್ರಮ?

ಪಂಚಾಯ್ತಿ ಗ್ರಂಥಾಲಯದ ಬಾಗಿಲಿಗೆ ಅಂಟಿಸುವ 'ಮುಂದಿನ ಕಾರ್ಯಕ್ರಮಗಳು' ಎಂಬ ಹಾಳೆಯಲ್ಲಿ ನಾವು ಹುಡುಕುವುದು ದಿನಾಂಕವನ್ನು. ಮಕ್ಕಳಿಗೆ ಕಥೆ ಹೇಳುವುದು, ಚಿತ್ರ ಬರೆಸುವುದು, ರಸಪ್ರಶ್ನೆ. ದೊಡ್ಡವರಿಗೆ ಆರೋಗ್ಯದ ಮಾಹಿತಿ, ಸಂವಿಧಾನ ಪೀಠಿಕೆಯ ಓದು. ತುಸು ಹೊತ್ತು ನಿಂತು ನೋಡಿದರೆ, ಗ್ರಂಥಾಲಯ ಯಾರ ದಾರಿ ಕಾಯುತ್ತಿದೆ ಎಂಬುದೂ ಆ ಹಾಳೆಯಲ್ಲೇ ಕಾಣುತ್ತದೆ. ಸಂಜೆ ನಾಲ್ಕು ಗಂಟೆಗೆ ಎಂದು ಬರೆದವರ ಮನಸ್ಸಿನಲ್ಲಿ, ನಾಲ್ಕಕ್ಕೆ ಕೈ ಬಿಡುವಾಗಿರುವ ಒಬ್ಬ ಮನುಷ್ಯ ಇರುತ್ತಾನೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಊರುಗಳಲ್ಲಿ ಆ ಮನುಷ್ಯ ಯಾರು?

ಮಕ್ಕಳ ಮಟ್ಟಿಗೆ ಉತ್ತರ ಸುಲಭ. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. ಮರುವರ್ಷ ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, ನವೆಂಬರ್ 14ರಂದು 'ಓದುವ ಬೆಳಕು' ಎಂಬ ಕಾರ್ಯಕ್ರಮ ಈ ಗ್ರಂಥಾಲಯಗಳಲ್ಲಿ ಶುರುವಾಯಿತು. ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆಲ್ಲ ಉಚಿತ ಸದಸ್ಯತ್ವ. ಈಗ ಈ ಗ್ರಂಥಾಲಯಗಳ ಹೆಸರು ಅರಿವು ಕೇಂದ್ರ. ಮಕ್ಕಳು ಬಂದರು, ಕೇರಂ ಆಡಿದರು, ಪುಸ್ತಕ ಕೆದಕಿದರು. ಒಳ್ಳೆಯದೇ ಆಯಿತು. ಆದರೆ ಅವರ ಅಪ್ಪ ಅಮ್ಮಂದಿರು?

ಇಲ್ಲಿನ ವರ್ಷವನ್ನೇ ನೋಡಿ. ಬೇಸಿಗೆ ಶಿಬಿರದ ಏಪ್ರಿಲ್, ಮೇ ತಿಂಗಳೆಂದರೆ ಹುಣಸೂರು, ಪಿರಿಯಾಪಟ್ಟಣದ ಕಡೆ ಮುಂಗಾರು ಪೂರ್ವ ಮಳೆಗೆ ಕಾದು ಹೊಗೆಸೊಪ್ಪಿನ ಸಸಿ ನೆಡುವ ಕಾಲ. ಗ್ರಂಥಪಾಲಕರ ದಿನ ಆಗಸ್ಟ್ 12. ಆಗ ಎಲೆ ಮುರಿದು, ಕಡ್ಡಿಗೆ ಕಟ್ಟಿ, ಸೊಪ್ಪು ಹದಗೊಳಿಸುವ ಬ್ಯಾರನ್ನಿಗೆ ಏರಿಸುವ ಕೆಲಸ. ಬೆಂಕಿ ಹಾಕಿದ ಬ್ಯಾರನ್ನನ್ನು ಹಗಲು ರಾತ್ರಿ ಯಾರಾದರೂ ಕಾಯಲೇಬೇಕು. ಶಾಖ ಏರಿದರೂ ಕಷ್ಟ, ಇಳಿದರೂ ಕಷ್ಟ. ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ ನವೆಂಬರ್ 14ರಿಂದ 20. ಆ ವಾರ ಮನೆಯೊಳಗೆ ಕಾಲಿಡಲೂ ಜಾಗವಿಲ್ಲದಂತೆ ಸೊಪ್ಪು ಹರಡಿರುತ್ತದೆ. ದರ್ಜೆವಾರು ವಿಂಗಡಿಸಿ, ಬೇಲ್ ಕಟ್ಟಿ, ಹರಾಜು ಮಾರುಕಟ್ಟೆಗೆ ಒಯ್ಯಬೇಕು. ಕೋಟೆ ಕಡೆಯ ಎಷ್ಟೋ ಹಾಡಿಗಳ ಸಂಸಾರಗಳು ಆ ಹೊತ್ತಿಗೆ ಕಾಫಿ ಕೊಯ್ಲಿಗೆಂದು ಕೊಡಗಿಗೆ ಹೊರಡುತ್ತವೆ. ಕೆ.ಆರ್. ನಗರದ ಕಾಲುವೆ ಬಯಲಿನಲ್ಲಿ ಭತ್ತದ ಕೊಯ್ಲು, ಅದರ ಬೆನ್ನಿಗೇ ಸಂಕ್ರಾಂತಿ ಸುಮಾರಿಗೆ ಚುಂಚನಕಟ್ಟೆಯ ದನಗಳ ಜಾತ್ರೆ. ಗ್ರಂಥಾಲಯದ ಪಂಚಾಂಗಕ್ಕೂ ಹೊಲದ ಪಂಚಾಂಗಕ್ಕೂ ಎಲ್ಲೂ ಹೊಂದಿಕೆಯಿಲ್ಲ. ದೊಡ್ಡವರು ಬರಲಿಲ್ಲ, ಅವರಿಗೆ ಆಸಕ್ತಿಯಿಲ್ಲ ಎಂದು ವರದಿ ಬರೆಯುವುದು ಸುಲಭ. ನನಗೆ ಅದು ಅನ್ಯಾಯವೆನಿಸುತ್ತದೆ.

ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಬರೆದರು. ನಾಲ್ಕನೆಯದು, ಓದುಗರ ಸಮಯ ಉಳಿಸಿ ಎಂಬುದು. ಪುಸ್ತಕ ಬೇಗ ಕೈಗೆ ಸಿಗಲಿ, ಹುಡುಕಾಟ ಕಡಿಮೆಯಾಗಲಿ ಎಂದು ಅದನ್ನು ಅರ್ಥೈಸುವುದು ರೂಢಿ. ಆದರೆ ಅದೇ ವರ್ಷ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಗ್ರಂಥಾಲಯ ಹಳ್ಳಿಗಳತ್ತ ಹೊರಟಿತು. ಅದನ್ನು ಉದ್ಘಾಟಿಸಿದವರು ರಂಗನಾಥನ್ ಅವರೇ. ಸಮಯ ಉಳಿಸುವುದೆಂದರೆ, ಸಮಯವೇ ಇಲ್ಲದವರ ಬಳಿಗೆ ನಾವೇ ಹೋಗುವುದು ಎಂಬ ಅರ್ಥವನ್ನು ಆ ಗಾಡಿಯ ಚಕ್ರಗಳಲ್ಲಿ ಓದಬಹುದು.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಕುಮಾರವ್ಯಾಸ ಭಾರತವನ್ನೋ ಜೈಮಿನಿಯನ್ನೋ ಗುಡಿಯಲ್ಲಿ, ಜಗಲಿಯಲ್ಲಿ ಓದಿಸುತ್ತಿದ್ದದ್ದು ಹೊಲದ ಕೆಲಸ ಸಡಿಲವಾದ ಮಳೆಗಾಲದ ರಾತ್ರಿಗಳಲ್ಲಿ, ಊಟ ಮುಗಿದ ಮೇಲೆ. ಒಬ್ಬರು ರಾಗವಾಗಿ ಓದುವರು, ಇನ್ನೊಬ್ಬರು ಅರ್ಥ ಹೇಳುವರು, ಊರು ಕೇಳುವುದು. ಅಲ್ಲಿ ಕೂತವರಲ್ಲಿ ಅಕ್ಷರ ಬಲ್ಲವರು ಬೆರಳೆಣಿಕೆ. ಆದರೂ ಕರ್ಣನ ಸಂಕಟ ಎಲ್ಲರಿಗೂ ಸೇರಿದ್ದಾಗಿತ್ತು. (ಎಲ್ಲರಿಗೂ ಎನ್ನುವಾಗ ನಾಲಿಗೆ ತಡವರಿಸುತ್ತದೆ, ಗುಡಿಯೊಳಗೆ ಕೂರುವಂತಿಲ್ಲದ ಕೇರಿಯವರು ಎಲ್ಲಿ ನಿಂತು ಕೇಳಿದರು ಎಂಬುದನ್ನೂ ಕೇಳಬೇಕು. ಸಾರ್ವಜನಿಕ ಗ್ರಂಥಾಲಯ ಆ ಗುಡಿಗಿಂತ ದೊಡ್ಡದಾಗುವುದು ಈ ಒಂದು ಕಾರಣಕ್ಕೆ.) ಒಬ್ಬರೇ ಕೂತು, ತುಟಿ ಅಲುಗಿಸದೆ ಓದುವುದು ಇಲ್ಲಿಗೆ ಆಮೇಲೆ ಬಂದ ಅಭ್ಯಾಸ. 'ಮೌನವಾಗಿರಿ' ಎಂಬ ಫಲಕ ಅದರ ಜೊತೆಗೇ ಬಂತು.

ಓದು ಮೌನವಾಗಿಯೇ ಇರಬೇಕಿಲ್ಲ ಎಂಬುದಕ್ಕೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಇನ್ನೊಂದು ಸಾಕ್ಷಿ ಇದೆ. 1960ರ ದಶಕದ ಆರಂಭದಲ್ಲಿ ಟಿಬೆಟಿನ ನಿರಾಶ್ರಿತರು ಇಲ್ಲಿ ನೆಲೆ ನಿಂತರು. ಮುಂದೆ ಸೆರಾ ಮಠ ಇಲ್ಲೇ ಮತ್ತೆ ತಲೆಯೆತ್ತಿತು. ಅಲ್ಲಿನ ಭಿಕ್ಷುಗಳು ಗ್ರಂಥವನ್ನು ಬಾಯಿಪಾಠ ಮಾಡಿ ಅಷ್ಟಕ್ಕೇ ಬಿಡುವುದಿಲ್ಲ. ಅಂಗಳಕ್ಕೆ ಬಂದು, ಒಬ್ಬ ನೆಲದಲ್ಲಿ ಕೂತರೆ ಇನ್ನೊಬ್ಬ ಎದುರಿಗೆ ನಿಂತು, ಅಂಗೈ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ವಾದದಲ್ಲಿ ಉಳಿದು ಬಂದ ಮಾತೇ ಕಲಿತ ಮಾತು.

ಹೀಗೆ ಗಟ್ಟಿಯಾಗಿ ಓದಲು ಬೇಕಾದದ್ದೂ ಇಲ್ಲೇ ಇದೆ. ಹುಣಸೂರಿನ ಕಡೆ ಕಲ್ಲಹಳ್ಳಿ ಇದೆ. ದೇವರಾಜ ಅರಸರ ಊರೆಂದು ನಾಡಿಗೆ ಗೊತ್ತು. ಹದಿನಾರನೆಯ ಶತಮಾನದ ಆರಂಭದಲ್ಲಿ ಅದೇ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸ 'ಸೂಪಶಾಸ್ತ್ರ' ಬರೆದ. ಅಡುಗೆಯ ಪುಸ್ತಕ, ಅದೂ ಷಟ್ಪದಿಯಲ್ಲಿ! ದೊಡ್ಡವರಿಗೆ ಏನು ಕಾರ್ಯಕ್ರಮ ಮಾಡುವುದು ಎಂದು ತಲೆ ಕೆರೆದುಕೊಳ್ಳುವವರು ಈ ಪದ್ಯಗಳನ್ನು ಸ್ತ್ರೀಶಕ್ತಿ ಸಂಘದ ಹೆಂಗಸರ ನಡುವೆ ಗಟ್ಟಿಯಾಗಿ ಓದಿಸಿ ನೋಡಲಿ. ಮಂಗರಸನ ಅಳತೆ ಸರಿಯೋ ತಪ್ಪೋ ಎಂದು ಹೇಳಬಲ್ಲ ವಿಮರ್ಶಕರು ಅಲ್ಲೇ ಕೂತಿರುತ್ತಾರೆ. ಹಾಡಿಯ ಜೇನುಕುರುಬ ಅಜ್ಜಿಯ ವಿಷಯವೂ ಹಾಗೆಯೇ. ಅವಳ ಮಾತಿಗೆ ತನ್ನದೇ ಲಿಪಿಯಿಲ್ಲ. ಕಾಡಿನ ಕಥೆ ಅವಳಲ್ಲಿದೆ. ಅವಳನ್ನು ಕರೆಯುವುದಾದರೆ ಸಾಕ್ಷರತೆಯ ಫಲಾನುಭವಿಯೆಂದು ಹಿಂದಿನ ಸಾಲಿನಲ್ಲಿ ಕೂರಿಸುವುದಕ್ಕೋ, ಕಥೆ ಹೇಳುವವಳೆಂದು ಎದುರಿಗೆ ಕೂರಿಸುವುದಕ್ಕೋ? ಹಾಳೆಯಲ್ಲಿ ಅವಳ ಹೆಸರು ಯಾವ ಸಾಲಿನಲ್ಲಿ ಬರುತ್ತದೆ ಎಂಬುದರ ಮೇಲೆ ಆ ಕೋಣೆಯ ಸ್ವಭಾವವೇ ಬದಲಾಗುತ್ತದೆ.

ಹಕ್ಕಿನ ಮಾತೂ ಇದರಲ್ಲಿದೆ. ಆಸ್ತಿ ತೆರಿಗೆಯ ಜೊತೆ, ನೂರಕ್ಕೆ ಆರರಂತೆ, ಗ್ರಂಥಾಲಯ ಕರ ವಸೂಲಾಗುತ್ತದೆ. ಒಂದು ಪುಟವನ್ನೂ ತಿರುವದ ಮನೆಯವರೂ ಅದನ್ನು ಕಟ್ಟುತ್ತಾರೆ. ಅವರು ಓದುಗರಲ್ಲದಿರಬಹುದು, ಗ್ರಂಥಾಲಯದ ಪಾಲುದಾರರಂತೂ ಹೌದು.

ಹಾಗಾದರೆ ಬಾಗಿಲಿನ ಹಾಳೆಯನ್ನು ಬರೆಯುವುದು ಇಲಾಖೆಯ ಸುತ್ತೋಲೆ ನೋಡಿಕೊಂಡೋ, ಹರಾಜು ಮಾರುಕಟ್ಟೆ ಮುಚ್ಚುವ ದಿನ ನೋಡಿಕೊಂಡೋ? ರಾತ್ರಿ ಎಂಟಕ್ಕೆ ಬಾಗಿಲು ತೆರೆದು, ಬ್ಯಾರನ್ ಕಾಯುವವನ ಬಳಿಗೆ ಓದುವ ಒಂದು ಗಂಟಲನ್ನು ಕಳಿಸಬೇಕೆಂದು ಹೇಳುವುದು ನನ್ನಂಥವರಿಗೆ ಸಲೀಸು. ಹಗಲೆಲ್ಲ ಕೂತ ಗ್ರಂಥಾಲಯದ ಮೇಲ್ವಿಚಾರಕರು ರಾತ್ರಿಯೂ ಕೂರಬೇಕಾದರೆ ಆ ಗಂಟೆಗಳಿಗೂ ಕೂಲಿ ಗೊತ್ತುಮಾಡಬೇಕು. ಪಂಚಾಯ್ತಿಯ ಮುಂದಿನ ಸಭೆಯಲ್ಲಿ ಚರ್ಚೆ ಶುರುವಾಗಬೇಕಾದದ್ದು ಅಲ್ಲಿಂದ.