ಸಂದಿನಿಂದ ಉದುರಿದ್ದು ಯಾರ ಪಾಲು?

ಹೊಸದೆಂಬ ಮಾತಿಗೆ ನಾವು ಕೊಡುವ ಅರ್ಥ ಬಹಳ ಕಟ್ಟುನಿಟ್ಟಿನದು. ಹೊಸ ಕೊಡ ಸೋರಬಾರದು, ಹೊಸ ಧೋತರದಲ್ಲಿ ಎಳೆ ಬಿಟ್ಟಿರಬಾರದು, ಹೊಸ ಮನೆಯ ಗೋಡೆಯಲ್ಲಿ ಬಿರುಕು ಕಾಣಬಾರದು. ಹಳತಾದ ಮೇಲೆ ಇವೆಲ್ಲ ಬಂದರೆ ಕಾಲಧರ್ಮವೆಂದು ಸುಮ್ಮನಾಗುತ್ತೇವೆ. ಹೊಸದರಲ್ಲೇ ಕಂಡರೆ ಮೋಸವೆನ್ನುತ್ತೇವೆ. ಈ ತೀರ್ಪು ಎಷ್ಟು ಸರಿ ಎಂಬ ವಿಚಾರ ನನ್ನ ತಲೆ ಹೊಕ್ಕದ್ದು ಒಂದು ಪಿಕಪ್ ಗಾಡಿಯ ದೆಸೆಯಿಂದ.

ನಾನು ಸೊಲ್ಲಾಪುರದ ಬ್ಯಾಂಕೊಂದರಲ್ಲಿ ಗುಮಾಸ್ತ. ಅಕ್ಕಲಕೋಟೆ ತಾಲೂಕಿನ ತರುಣನೊಬ್ಬ ನಮ್ಮಲ್ಲಿ ಸಾಲ ಮಾಡಿ ಪಿಕಪ್ ಕೊಂಡ. ಊರವರ ತೊಗರಿ, ಜೋಳ, ಉಳ್ಳಾಗಡ್ಡಿಗಳನ್ನು ಸುಮಾರು 40 ಕಿಲೋಮೀಟರು ದೂರದ ಸೊಲ್ಲಾಪುರದ ಪೇಟೆಗೆ ಹೊರುವುದು ಅವನ ದಂಧೆ. ಮೊದಲ ಕಂತು ಕಟ್ಟಲು ಬಂದವನು ಹಣ ಎಣಿಸುವ ಮುಂಚೆಯೇ ದೂರು ಎತ್ತಿದ: "ಸಾಹೇಬ್ರ, ಹೊಸಾ ಗಾಡಿರೀ. ಹಿಂದಿನ ಫಾಳಕಾ ಹಾಕಿದ್ರೂ ಸಂದಿನ್ಯಾಗ ಬೆರಳ ಹೋಗತೈತಿ. ಮೂಲಿಯೊಳಗ ತೂತ ಬ್ಯಾರೆ. ಇದಕ್ಕ ಹೊಸಾದು ಅಂತಾರೇನ್ರಿ?" ಮಾರಿದವರನ್ನು ಕೇಳಿದರೆ ಎಲ್ಲ ಗಾಡಿಗಳೂ ಹೀಗೇ ಎಂದರಂತೆ. ಬೆಸುಗೆ ಹಾಕಿಸಿ ಎಲ್ಲವನ್ನೂ ಮುಚ್ಚಿಬಿಡೋಣವೆಂದು ಅವನ ತಮ್ಮನ ಸಲಹೆ.

ಗಾಡಿಯ ಬಾಡಿಯನ್ನು ಬಲ್ಲವರು ಹೇಳುವುದೇ ಬೇರೆ. ಫಾಳಕಾ ಬಿಗಿಯಾಗಿ ಕೂತರೆ ಉಜ್ಜಿ ಉಜ್ಜಿ ಬಣ್ಣ ಹೋಗುತ್ತದೆ, ಕೊನೆಗೆ ತೆರೆಯುವುದೇ ಇಲ್ಲ. ಮೂಲೆಯ ತೂತು ಮಳೆನೀರು ಹರಿದುಹೋಗಲು ಇಟ್ಟದ್ದು. ಚಾಲಕನ ಕ್ಯಾಬಿನ್ನಿಗೂ ಹಿಂದಿನ ಬಾಡಿಗೂ ನಡುವೆ ಸಂದು ಬಿಟ್ಟಿರುವುದು ತಗ್ಗುದಿನ್ನೆಯ ದಾರಿಯಲ್ಲಿ ಚಾಸಿ ತಿರುಚುತ್ತದೆಂಬ ಕಾರಣಕ್ಕೆ. ಎರಡನ್ನೂ ಒಂದಾಗಿ ಬೆಸೆದರೆ ತಿರುಚುವ ಬಲವೆಲ್ಲ ಬೆಸುಗೆಯ ಮೇಲೆ ಬಿದ್ದು ಬಿರುಕು ಬಿಡುತ್ತದೆ. ಕೆಡುಕಿನ ಸಂದೂ ಇಲ್ಲದಿಲ್ಲ. ಎರಡು ತಗಡು ಒಂದರ ಮೇಲೊಂದು ಕೂಡುವ ಕಡೆ ಮೇಣ ಸರಿಯಾಗಿ ಬಳಿಯದಿದ್ದರೆ ನೀರು ಒಳಗೆ ನಿಂತು, ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನಿಂದ ತುಕ್ಕು ತಿನ್ನುತ್ತದೆ. ನೀರು ಹರಿದುಹೋಗುವ ಸಂದು ಗಾಡಿಯನ್ನು ಕಾಯುತ್ತದೆ, ನೀರು ನಿಲ್ಲುವ ಸಂದು ಗಾಡಿಯನ್ನು ಕೊಲ್ಲುತ್ತದೆ.

ನಮ್ಮ ಊರಿನಲ್ಲಿ ಇದಕ್ಕೆ ದೊಡ್ಡ ಸಾಕ್ಷಿಗಳಿವೆ. ಸೊಲ್ಲಾಪುರ ರೈಲಿನ ಊರು, ಬಿಸಿಲಿನ ಊರು. ಹಿಂದೆ 13 ಮೀಟರು ಉದ್ದದ ಹಳಿಗಳನ್ನು ಜೋಡಿಸುವಾಗ ನಡುವೆ ಸಂದು ಬಿಡುತ್ತಿದ್ದರು. ಶಾಖ 40 ಡಿಗ್ರಿ ಏರಿದರೆ ಅಂಥ ಹಳಿ ಸುಮಾರು 6 ಮಿಲಿಮೀಟರು ಬೆಳೆಯುತ್ತದೆ; ಬೆಳೆಯಲು ಜಾಗವಿಲ್ಲದಿದ್ದರೆ ಡೊಂಕಾಗುತ್ತದೆ. ಈಗ ಉದ್ದುದ್ದ ಬೆಸೆದ ಹಳಿಗಳು ಬಂದು ಟಕಟಕ ಸದ್ದು ಅಡಗಿದೆ. ಆದರೂ ಹಿಗ್ಗು ಕುಗ್ಗುಗಳಿಗೆ ಅವುಗಳ ಕೊನೆಯಲ್ಲಿ ಎಡೆ ಇಟ್ಟೇ ಇರುತ್ತಾರೆ. ಇನ್ನು ಕೆರೆ. 12ನೆಯ ಶತಮಾನದಲ್ಲಿ ಶರಣ ಸಿದ್ಧರಾಮ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ. ಆ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಕೆರೆ ಕಟ್ಟುವವರಿಗೆಲ್ಲ ಗೊತ್ತಿರುವ ಮಾತೊಂದಿದೆ: ಏರಿಗೆ ಕೋಡಿಯಿಲ್ಲದಿದ್ದರೆ ಏರಿಯೇ ಉಳಿಯದು.

ಹಾಗಾದರೆ ಸಂದೆಲ್ಲ ಸರಿ, ದೂರುವವನೇ ದಡ್ಡ ಎಂದು ಮುಗಿಸಬಹುದಿತ್ತು. ಆದರೆ ತರುಣನ ಮುಂದಿನ ಮಾತು ಹಾಗೆ ಮುಗಿಸಲು ಬಿಡಲಿಲ್ಲ. ಮೂವರು ರೈತರ ತೊಗರಿ ಚೀಲ ಹೇರಿಕೊಂಡು ಬಂದಿದ್ದ. ಕೊಕ್ಕೆ ತಾಗಿ ಒಂದು ಚೀಲ ಹರಿದಿತ್ತು. ದಾರಿಯುದ್ದಕ್ಕೂ ಕಾಳು ಸಂದಿನಿಂದ ಉದುರಿತ್ತು. ಪೇಟೆಯಲ್ಲಿ ತೂಕ ಕಡಿಮೆ ಬಂತು. ಕೊಳ್ಳುವವನು ತಕ್ಕಡಿಯಲ್ಲಿದ್ದಷ್ಟಕ್ಕೇ ಹಣ ಕೊಟ್ಟ. ಗಾಡಿಯವನು ಸಂದು ಕಂಪನಿಯದೆಂದ. ಕಂಪನಿಗೆ ಸಂದು ಬೇಕೆಂದೇ ಬಿಟ್ಟದ್ದು. ಯಾರ ಮಾತೂ ಸುಳ್ಳಲ್ಲ. ಆದರೂ ನಷ್ಟ ಬಿದ್ದದ್ದು, ಆ ಸಂದನ್ನು ಕಣ್ಣಿನಿಂದ ಕೂಡ ನೋಡದಿದ್ದ ರೈತನ ಲೆಕ್ಕಕ್ಕೆ. ದಾರಿಯ ಕಾಳನ್ನು ಹಕ್ಕಲಾಯ್ದುಕೊಂಡವರ ಮೇಲೆ ನನ್ನ ತಕರಾರಿಲ್ಲ. ಕಾಳಿನ ಜೊತೆಗೆ ಹೊಣೆಯೂ ಅದೇ ಸಂದಿನಿಂದ ಉದುರಿಹೋಯಿತಲ್ಲ, ತಕರಾರು ಅದರದು.

ಇದು ಇಂದಿನ ಪ್ರಶ್ನೆಯಲ್ಲ. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ಬರೆದ ಕರ್ತವ್ಯಗಳ ಕುರಿತ ಗ್ರಂಥದಲ್ಲಿ ಒಬ್ಬ ಧಾನ್ಯದ ವ್ಯಾಪಾರಿ ಬರುತ್ತಾನೆ. ಬರಗಾಲ ಬಿದ್ದ ರೋಡ್ಸ್ ದ್ವೀಪಕ್ಕೆ ಹಡಗಿನಲ್ಲಿ ಕಾಳು ತಂದಿದ್ದಾನೆ. ಹಿಂದೆಯೇ ಇನ್ನಷ್ಟು ಹಡಗುಗಳು ಬರುತ್ತಿರುವುದು ಅವನಿಗೊಬ್ಬನಿಗೇ ಗೊತ್ತು. ಹೇಳಬೇಕೆ, ಸುಮ್ಮನಿದ್ದು ಹೆಚ್ಚಿನ ಬೆಲೆ ಪಡೆಯಬೇಕೆ? ಕಾನೂನು ಕೇಳುವಷ್ಟು ದೋಷ ಹೇಳಿದರೆ ಸಾಕೆಂದು ಬ್ಯಾಬಿಲೋನಿನ ಡಯೋಜಿನಿಸ್. ಮಾರುವವನಿಗೆ ಗೊತ್ತಿರುವುದೆಲ್ಲ ಕೊಳ್ಳುವವನಿಗೂ ಗೊತ್ತಾಗಬೇಕೆಂದು ಅವನ ಶಿಷ್ಯ ಆಂಟಿಪೇಟರ್. ಸಿಸೆರೊ ಶಿಷ್ಯನ ಪಕ್ಷಕ್ಕೆ ನಿಂತ.

ನಾನು ಇದನ್ನು ಸರಳವಾಗಿ ಹೇಳಿದಾಗ ತರುಣ ನಕ್ಕ. "ಸಂದ ಐತಿ ಅಂತ ನಾನ ಹೇಳಿದ್ರ ಬಾಡಗಿ ಯಾರ ಕೊಡ್ತಾರ್ರಿ? ಬಾಜೂದ ಗಾಡಿಯಾಂವ ಬಾಯಿ ಮುಚಗೊಂಡ ಒಯ್ತಾನ." ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಕಂತು ಕಟ್ಟಬೇಕಾದವನಿಗೆ ಸತ್ಯಕ್ಕೂ ಒಂದು ಖರ್ಚಿದೆ. ಆದರೆ ಸಂದು ಬಲ್ಲವನು ಅವನು. ರೈತನಿಗೆ ಅದು ತಿಳಿಯುವುದು ತಕ್ಕಡಿಯ ಮುಂದೆ, ಎಲ್ಲ ಮುಗಿದ ಮೇಲೆ. ಬಲ್ಲವನು ಒಂದು ತಾಡಪತ್ರಿ ಹಾಸಿದರೆ ನೀರಿನ ದಾರಿ ಮುಚ್ಚುವ ಬೆಸುಗೆಯೂ ಬೇಡ, ಕಾಳಿನ ನಷ್ಟವೂ ಇಲ್ಲ. ಸಂದು ತಪ್ಪಲ್ಲ, ಸಂದು ಬಲ್ಲವನ ಮೌನ ತಪ್ಪು.

ಈ ವಾರ್ಷಿಕ ಓದುವ ಮನೆಗಳಿಗೆ ಈ ಮಾತು ಹೊಸದಾಗಿರಲಾರದು. 1956ರ ನವೆಂಬರ್ 1ರಂದು ರಾಜ್ಯಗಳನ್ನು ಭಾಷೆಯ ಮೇಲೆ ಜೋಡಿಸಿದಾಗ ಸೊಲ್ಲಾಪುರ, ಅಕ್ಕಲಕೋಟೆಗಳು ಮುಂಬಯಿ ರಾಜ್ಯದಲ್ಲಿ ಉಳಿದವು, ಕಾಸರಗೋಡು ಕೇರಳಕ್ಕೆ ಸೇರಿತು. 1967ರ ಮಹಾಜನ ವರದಿ ಅಕ್ಕಲಕೋಟೆಯನ್ನೂ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ಅಂದಿನ ಮೈಸೂರಿಗೆ ಕೊಡಬೇಕೆಂದಿತು. ಅದು ಜಾರಿಗೆ ಬರಲಿಲ್ಲ. ಬಂದಿದ್ದರೂ ಇನ್ಯಾವುದೋ ಭಾಷೆಯ ಇನ್ಯಾವುದೋ ಓಣಿ ಸಂದಿನಲ್ಲಿ ಬೀಳುತ್ತಿತ್ತು. ಸಂದಿಲ್ಲದ ಗೆರೆ ಎಳೆಯುವುದು ಯಾರಿಗೂ ಸಾಧ್ಯವಿಲ್ಲ. ಗೆರೆ ಎಳೆದವರಿಗೂ ಅದು ಗೊತ್ತಿತ್ತು. 1956ರ 7ನೆಯ ತಿದ್ದುಪಡಿಯಲ್ಲಿ, ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಅನುಕೂಲ ಮಾಡಿಕೊಡಬೇಕೆಂದು 350ಎ ವಿಧಿಯನ್ನು ಸೇರಿಸಿದರು. ಕೆರೆಗೆ ತೂಬು ಇಟ್ಟಂತೆ. ತೂಬು ಇಟ್ಟರೆ ಸಾಲದು, ಹೂಳು ತುಂಬದಂತೆ ನೋಡಿಕೊಳ್ಳುವುದೂ ಬೇಕು. ಆ ಕೆಲಸ ಸರಕಾರದ್ದೂ ಹೌದು, ಮಕ್ಕಳನ್ನು ಶಾಲೆಗೆ ಕಳಿಸುವ ನಮ್ಮದೂ ಹೌದು.

ನನ್ನ ಮೇಜಿಗೆ ಬರುವ ಅರ್ಜಿಗಳು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಅಚ್ಚಾದವು. ಮಗನ ಸಾಲಕ್ಕೆ ಜಾಮೀನು ನಿಲ್ಲಲು ಬರುವ ಎಷ್ಟೋ ತಾಯಂದಿರಿಗೆ ಕನ್ನಡ ಬಿಟ್ಟು ಬೇರೆ ಅಕ್ಷರ ಬಾರದು. ಮಗ ಕಟ್ಟದಿದ್ದರೆ ನೀನು ಕಟ್ಟಬೇಕು ಎಂಬ ಸಾಲು ಆ ಕಾಗದದ ನಡುವೆ ಸಣ್ಣ ಅಕ್ಷರದಲ್ಲಿರುತ್ತದೆ. ಓದಿ ಹೇಳಿದರೆ ಕೆಲವರು ಹೆಬ್ಬೆಟ್ಟು ಹಿಂದೆ ತೆಗೆದುಕೊಳ್ಳುತ್ತಾರೆ. ಸಾಲ ನಿಲ್ಲುತ್ತದೆ, ಮಗ ಸಿಟ್ಟಾಗುತ್ತಾನೆ, ಮೇಲಿನವರು ಮುಖ ಗಂಟಿಕ್ಕುತ್ತಾರೆ. ಆದರೂ ಆ ಸಾಲು ಎಲ್ಲಿದೆಯೆಂದು ಬಲ್ಲವನು ಮೇಜಿನ ಈಚೆ ಕೂತಿರುವವನೇ. ಅರ್ಜಿಯ ಭಾಷೆ ಬದಲಿಸುವ ಅಧಿಕಾರ ಗುಮಾಸ್ತನಿಗಿಲ್ಲ. ಹೆಬ್ಬೆಟ್ಟು ಒತ್ತುವ ಮೊದಲು ಆ ಒಂದು ಸಾಲನ್ನು ಕನ್ನಡದಲ್ಲಿ ಹೇಳಲು ಅಧಿಕಾರವೇನೂ ಬೇಕಿಲ್ಲ.